ಫ್ಲ್ಯಾಟ್ ಒಳಗೆ ಸ್ಟೀಲ್ ಅಟ್ಟ ಹಾಕಿಸುವ ಮುಂಚೆ

ಮೊದಲು ಟೇಪ್ ಹಿಡಿದು ಎತ್ತರ ಅಳೆಯಿರಿ. ಬೆಂಗಳೂರಿನ ಬಹಳಷ್ಟು ಫ್ಲ್ಯಾಟ್‌ಗಳಲ್ಲಿ ಸೀಲಿಂಗ್ ಇರುವುದು 10 ಅಡಿ ಆಸುಪಾಸು. ಅಲ್ಲಿ ಮೇಲೆ ನಿಂತು ಓಡಾಡುವಂಥ ಅಟ್ಟ ಆಗದ ಮಾತು. ಅಟ್ಟದ ಕೆಳಗೂ ಮೇಲೂ 7 ಅಡಿ 3 ಇಂಚು ಬಿಟ್ಟು, ನಡುವೆ 6 ಇಂಚಿನ ಬೀಮು, ಹಲಗೆ ಸೇರಿಸಿದರೆ 15 ಅಡಿ ಮುಟ್ಟುತ್ತದೆ. ಡಬಲ್ ಹೈಟ್ ಹಾಲ್ ಇದ್ದವರಿಗೆ ಸಲೀಸು. 13 ಅಡಿ ಇದ್ದರೆ ಮೇಲೆ ಹಾಸಿಗೆ ಹಾಸಿ ಮಲಗುವಷ್ಟೇ ಜಾಗ.

ಆಮೇಲೆ ಕೇಳಬೇಕಾದ್ದು, ಈ ಭಾರ ಎಲ್ಲಿ ಕೂರುತ್ತದೆ ಅಂತ. ಮನೆ ನೆಲಕ್ಕೆ ಐಎಸ್ 875 (ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ) ಪ್ರಕಾರ ಚದರ ಮೀಟರ್‌ಗೆ ಸುಮಾರು 200 ಕೆಜಿ ಲೆಕ್ಕ ಹಿಡಿಯುತ್ತಾರೆ. 10ಕ್ಕೆ 12 ಅಡಿ ಅಟ್ಟ ಅಂದರೆ 2,200 ಕೆಜಿ ಆಯಿತು, ಕಬ್ಬಿಣದ ತೂಕ ಬೇರೆ. ಅದೆಲ್ಲ ನಾಲ್ಕು ಕಂಬದಲ್ಲಿ ಇಳಿದು, ಕಂಬದ ಬುಡ ಸ್ಲ್ಯಾಬಿನ ನಟ್ಟನಡುವೆ ಕೂತರೆ ಅಷ್ಟು ಭಾರ ಒಂದೇ ಕಡೆ ತಡೆಯಲು ಆ ಸ್ಲ್ಯಾಬ್ ಕಟ್ಟಿರುವುದಿಲ್ಲ. ಕಂಬ ಕೆಳಗಿನ ಆರ್‌ಸಿಸಿ ಬೀಮಿನ ನೇರಕ್ಕೆ ಬರಬೇಕು. ಇಲ್ಲಾಂದ್ರೆ ಅಟ್ಟದ ಬೀಮನ್ನು ಆರ್‌ಸಿಸಿ ಪಿಲ್ಲರಿಗೆ ಕೆಮಿಕಲ್ ಆಂಕರ್ (ತೂತಿಗೆ ರಾಸಾಯನಿಕ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿ ಕೂರಿಸಬೇಕು.

ನಮ್ಮ ಮನೆಗೆ ಬಂದ ಫ್ಯಾಬ್ರಿಕೇಟರ್ ಒಬ್ಬರು "ಗೋಡೆಗೇ ಬೋಲ್ಟ್ ಹೊಡೆದ್ರೆ ಸಾಕು ಸಾರ್" ಅಂದರು. ಅದು ಬರೀ ಬ್ಲಾಕ್ ಗೋಡೆ, ಇಷ್ಟು ಭಾರ ಹೊರಲು ಕಟ್ಟಿದ್ದಲ್ಲ. ಅಲ್ಲಿಗೇ ಕೆಲಸ ನಿಲ್ಲಿಸಿದೆ. ದಯವಿಟ್ಟು ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ, ಬಿಲ್ಡರ್ ಹತ್ರ ಸ್ಟ್ರಕ್ಚರಲ್ ಡ್ರಾಯಿಂಗ್ ಇಸ್ಕೊಂಡು ಕೈಗೆ ಕೊಡಿ. ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಆಗಿದ್ದರೆ ಒಳಗೆ ಬಿಗಿದ ಕೇಬಲ್ ಇರುತ್ತದೆ, ಕಣ್ಣುಮುಚ್ಚಿ ಡ್ರಿಲ್ ಹಾಕಿದರೆ ಅನಾಹುತ. ಅಸೋಸಿಯೇಷನ್ ಒಪ್ಪಿಗೆ ಪತ್ರದಲ್ಲೇ ತಗೊಳ್ಳಿ. ಪಾಲಿಕೆ ಅನುಮತಿ ವಿಷಯವನ್ನೂ ಎಂಜಿನಿಯರ್ ಹತ್ರ ಆಗಲೇ ಕೇಳಿಬಿಡಿ.

ಬೀಮ್ 20 ಅಡಿ ಉದ್ದದಲ್ಲಿ ಬರುತ್ತದೆ, ಲಿಫ್ಟಿಗೆ ಹಿಡಿಯಲ್ಲ. ಮೆಟ್ಟಿಲ ತಿರುವು ಅಳೆದು ವರ್ಕ್‌ಶಾಪಿನಲ್ಲೇ ಕತ್ತರಿಸಿ, ತೂತು ಕೊರೆಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆಸಿ ತರಿಸಿ. ಮನೆಯಲ್ಲಿ ಬೋಲ್ಟ್ ಬಿಗಿಯುವುದಷ್ಟೇ ಉಳಿದರೆ ಒಳ್ಳೆಯದು, ಗ್ರೈಂಡರ್ ಕಿಡಿ ಹಾರಿದರೆ ಟೈಲ್ಸ್, ಕಿಟಕಿ ಗಾಜಿನ ಮೇಲೆ ಚುಕ್ಕೆ ಸುಟ್ಟು ಕೂರುತ್ತದೆ, ಉಜ್ಜಿದರೂ ಹೋಗಲ್ಲ.

ಅಟ್ಟದ ನೆಲಕ್ಕೆ 18 ಎಂಎಂ ಸಿಮೆಂಟ್ ಬೋರ್ಡ್ ನನಗಿಷ್ಟ. ಚೆಕರ್ಡ್ ಪ್ಲೇಟ್ (ಉಬ್ಬು ಗೆರೆಯ ಕಬ್ಬಿಣದ ಹಾಳೆ) ಹಾಕಿದರೆ ಹೆಜ್ಜೆ ಹೆಜ್ಜೆಗೂ ಸದ್ದು. ಬೀಮ್ ಸಣ್ಣದು ಹಾಕಿ ಉಳಿಸಲು ಹೋಗಬೇಡಿ, ಮುರಿಯದಿದ್ದರೂ ನಡೆದಾಗ ನೆಲ ತೂಗುತ್ತದೆ. ರೇಲಿಂಗ್ ಮೂರೂವರೆ ಅಡಿ ಇರಲಿ, ಕಂಬಿ ನಡುವೆ ಮಗುವಿನ ತಲೆ ತೂರಬಾರದು.

ಹಳೆಯ ಸೀಲಿಂಗ್ ಫ್ಯಾನ್ ಮಾತ್ರ ಮರೆಯಬೇಡಿ. ಅಟ್ಟದ ಮೇಲೆ ನಿಂತವರ ತಲೆಗೇ ರೆಕ್ಕೆ ಬರುತ್ತದೆ. ಕೆಲಸ ಶುರುವಾಗುವ ಮುಂಚೆಯೇ ಅದನ್ನು ಬಿಚ್ಚಿಸಿ, ಗೋಡೆ ಫ್ಯಾನಿಗೆ ಪಾಯಿಂಟ್ ಕೊಡಿಸಿ.