ಮಿದುಳು ಗೆಡ್ಡೆಯ ವರದಿಯಲ್ಲಿ ಹಾರ್ಮೋನ್ ಗ್ರಾಹಕಗಳ ಸಾಲನ್ನು ಓದುವ ಬಗೆ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ಪೆಥಾಲಜಿ ವರದಿಯಲ್ಲಿ ‘ಪಿ.ಆರ್. ಪಾಸಿಟಿವ್’ ಎಂದು ಬರೆದಿದ್ದರೆ, ಗೆಡ್ಡೆಯ ಕೋಶಗಳಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನಿನ ಗ್ರಾಹಕಗಳು, ಅಂದರೆ ಆ ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೋಟೀನುಗಳು, ಕಂಡುಬಂದಿವೆ ಎಂದರ್ಥ. ಸ್ತನ ಕ್ಯಾನ್ಸರಿನ ವರದಿಗಳಲ್ಲೂ ಇದೇ ಮಾತು ಬರುವುದರಿಂದ ಹಲವರು ಗಾಬರಿಯಾಗುತ್ತಾರೆ. ಆದ್ದರಿಂದ ಈ ಸಾಲಿಗಿಂತ ಮೊದಲು ಗೆಡ್ಡೆಯ ಹೆಸರನ್ನು ನೋಡಬೇಕು.

ಹೆಸರು ಮೆನಿಂಜಿಯೋಮ ಎಂದಿದ್ದರೆ, ಅದು ಮಿದುಳಿನಲ್ಲಲ್ಲ, ಮಿದುಳನ್ನು ಸುತ್ತಿರುವ ಪೊರೆಗಳಲ್ಲಿ ಹುಟ್ಟಿದ್ದು. ಇಂತಹ ಗೆಡ್ಡೆಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ, ಮತ್ತು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಮಿದುಳಿನೊಳಗೇ ಹುಟ್ಟಿ ವೇಗವಾಗಿ ಬೆಳೆಯುವ ಕ್ಯಾನ್ಸರ್ ಗೆಡ್ಡೆಯಾದ ಗ್ಲಿಯೋಬ್ಲಾಸ್ಟೋಮ ಗಂಡಸರಲ್ಲಿಯೇ ಹೆಚ್ಚು. ಅಲ್ಲಿ ಲೈಂಗಿಕ ಹಾರ್ಮೋನುಗಳ ಪಾತ್ರವನ್ನು ಸಂಶೋಧಕರು ಪರಿಶೀಲಿಸುತ್ತಿದ್ದಾರಾದರೂ ಚಿಕಿತ್ಸೆಯನ್ನು ಈ ಗ್ರಾಹಕಗಳ ಆಧಾರದ ಮೇಲೆ ನಿರ್ಧರಿಸುವುದಿಲ್ಲ.

ಮೆನಿಂಜಿಯೋಮಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರೊಜೆಸ್ಟೆರಾನ್ ಗ್ರಾಹಕಗಳನ್ನು ತೋರಿಸುತ್ತವೆ. ಈಸ್ಟ್ರೋಜೆನ್ ಗ್ರಾಹಕಗಳು ಕೆಲವೇ ಗೆಡ್ಡೆಗಳಲ್ಲಿ ಇರುತ್ತವೆ. ಗಂಡಸರ ಗೆಡ್ಡೆಯೂ ಪಾಸಿಟಿವ್ ಆಗಬಹುದು, ಆದ್ದರಿಂದ ಅವರ ವರದಿಯಲ್ಲಿ ಈ ಸಾಲು ಕಂಡರೆ ಅದನ್ನು ತಪ್ಪೆಂದು ಭಾವಿಸಬೇಕಾಗಿಲ್ಲ. ಗೆಡ್ಡೆಯ ದರ್ಜೆ (ಅದು ಎಷ್ಟು ಉಗ್ರವೆಂಬ ಅಳತೆ) ಏರಿದಂತೆ ಈ ಗ್ರಾಹಕಗಳು ಸಾಮಾನ್ಯವಾಗಿ ಕಡಿಮೆಯಾಗುವುದರಿಂದ ಪಾಸಿಟಿವ್ ಎಂಬುದು ಬಹುಪಾಲು ಸಮಾಧಾನದ ಸೂಚನೆಯೇ ಆಗಿದೆ. ಆದರೂ ದರ್ಜೆಯನ್ನು ನಿರ್ಧರಿಸುವುದು ಕೋಶವಿಭಜನೆಯ ಪ್ರಮಾಣ, ಮಿದುಳಿನ ಅಂಗಾಂಶಕ್ಕೆ ಗೆಡ್ಡೆ ನುಗ್ಗಿದೆಯೇ ಎಂಬುದು ಮತ್ತು ಕೆಲವು ಜೀನ್ ಬದಲಾವಣೆಗಳು. ಆ ಸಾಲುಗಳನ್ನು ಬಿಟ್ಟು ಗ್ರಾಹಕದ ಸಾಲೊಂದನ್ನೇ ಓದಬಾರದು.

ನನ್ನ ದೃಷ್ಟಿಯಲ್ಲಿ ರೋಗಿಯು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ ತಾನು ಈವರೆಗೆ ತೆಗೆದುಕೊಂಡ ಹಾರ್ಮೋನ್ ಔಷಧಗಳ ಪಟ್ಟಿಯನ್ನು, ಹೆಸರು, ಪ್ರಮಾಣ, ಆರಂಭಿಸಿದ ಮತ್ತು ನಿಲ್ಲಿಸಿದ ವರ್ಷಗಳ ಸಹಿತ ಬರೆದು ವೈದ್ಯರ ಮುಂದಿಡುವುದು. ಮುಖದ ಮೇಲಿನ ಅತಿಯಾದ ಕೂದಲಿಗೆ ಹೆಂಗಸರಿಗೂ, ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸರಿಗೂ ಕೊಡುವ, ಪ್ರೊಜೆಸ್ಟೆರಾನಿನಂತೆಯೂ ಕೆಲಸ ಮಾಡುವ ಸೈಪ್ರೊಟೆರೋನ್ ಅಸಿಟೇಟ್ ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಬಳಸಿದಾಗ ಮೆನಿಂಜಿಯೋಮದ ಅಪಾಯವನ್ನು ಹೆಚ್ಚಿಸುತ್ತದೆ. ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಅದರ ಬಳಕೆಗೆ ನಿರ್ಬಂಧ ಹಾಕಿತು. ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಗರ್ಭನಿರೋಧಕ ಚುಚ್ಚುಮದ್ದನ್ನು ವರ್ಷಗಟ್ಟಲೆ ಪಡೆದವರಲ್ಲೂ ಅಪಾಯ ಹೆಚ್ಚಿರುವುದು 2024ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಕಂಡುಬಂತು. ಸೈಪ್ರೊಟೆರೋನ್ ನಿಲ್ಲಿಸಿದ ಮೇಲೆ ಅನೇಕರ ಗೆಡ್ಡೆ ಬೆಳೆಯುವುದನ್ನು ನಿಲ್ಲಿಸಿದೆ, ಕೆಲವರದು ಕುಗ್ಗಿದೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಪಟ್ಟಿ ವೈದ್ಯರ ಕೈಸೇರಿದರೆ, ಎಂ.ಆರ್.ಐ. ಮೂಲಕ ಗಮನಿಸುತ್ತ ಕಾಯುವ ಅವಕಾಶವೂ ಸಿಗಬಹುದು. ಕ್ಯಾನ್ಸರಿಗಾಗಿ ಔಷಧ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ನಿಲ್ಲಿಸದೆ, ಬದಲಿ ಚಿಕಿತ್ಸೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು.

ಗ್ರಾಹಕಗಳಿದ್ದರೆ ಅವನ್ನು ತಡೆಯುವ ಮಾತ್ರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಪ್ರೊಜೆಸ್ಟೆರಾನ್ ಗ್ರಾಹಕವನ್ನು ತಡೆಯುವ ಮಿಫೆಪ್ರಿಸ್ಟೋನನ್ನು, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಮೆನಿಂಜಿಯೋಮಗಳಲ್ಲಿ ಹುಸಿಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ.

ಮೆನಿಂಜಿಯೋಮ ಇರುವ ಮಹಿಳೆ ಗರ್ಭಧಾರಣೆಗೆ ಯೋಚಿಸುತ್ತಿದ್ದರೆ ಅದನ್ನು ಮೊದಲೇ ನರಶಸ್ತ್ರಚಿಕಿತ್ಸಕರಿಗೂ ಪ್ರಸೂತಿ ತಜ್ಞರಿಗೂ ತಿಳಿಸಬೇಕು, ಏಕೆಂದರೆ ಕೆಲವು ಗೆಡ್ಡೆಗಳು ಗರ್ಭಾವಸ್ಥೆಯಲ್ಲಿ ಹಿಗ್ಗುತ್ತವೆ. ಆ ತಿಂಗಳುಗಳಲ್ಲಿ ದೃಷ್ಟಿ ಮಸುಕಾದರೆ, ತಲೆನೋವು ದಿನೇದಿನೇ ಹೆಚ್ಚಿದರೆ ಅಥವಾ ಫಿಟ್ಸ್ ಬಂದರೆ ಅದನ್ನು ಬಸಿರಿನ ಆಯಾಸವೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.