ಕಾಕಾಗ ಗೊತ್ತಿದ್ದ ವಾಲ್ ಪಂಚಾಯತಿಗೆ ಗೊತ್ತಾದದ್ದು

ಆ ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮೂರ ವಾಟರ್‌ಮನ್ ಕಾಕಾ ಕಾಲು ಮುರಿದುಕೊಂಡು ಕೊಪ್ಪಳದ ದವಾಖಾನೆ ಸೇರಿದರು. ಕೆಳಗಿನ ಓಣಿಗೆ ಐದು ದಿನ ನೀರು ಬರಲಿಲ್ಲ. ಬೋರಿನಲ್ಲಿ ನೀರಿತ್ತು, ಕರೆಂಟಿತ್ತು, ಟಾಕಿ ತುಂಬಿ ಹೊರಗೆ ಸುರಿಯುತ್ತಿತ್ತು. ಯಾವ ವಾಲ್ (ಪೈಪಿನ ನೀರು ಬಿಡುವ, ನಿಲ್ಲಿಸುವ ತಿರುಪು) ತಿರುವಿದರೆ ಆ ನೀರು ಕೆಳಗಿನ ಓಣಿಗೆ ಇಳಿಯುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಖಾಲಿ ಕೊಡ ತಂದು ಪಂಚಾಯತಿ ಬಾಗಿಲಲ್ಲೇ ಕುಂತರು. ಕೊನೆಗೆ ಕಾಕಾನೇ ಹಾಸಿಗೆ ಮೇಲಿಂದ ಫೋನು ಮಾಡಿದರು: "ಹನುಮಪ್ಪನ ಗುಡಿ ಕಟ್ಟಿ ಐತೆಲ್ಲ, ಅದರ ಮೂಲ್ಯಾಗಿಂದ ನಾಕ್ ಹೆಜ್ಜಿ ಪಡುವಣಕ್ಕ ಬಂದು ಅಗೀರಿ. ಸಿಮೆಂಟ್ ರಸ್ತೆ ಮಾಡುಮುಂದ ಮುಚ್ಚಿಬಿಟ್ಟಾರ." ಅಗೆದರು. ವಾಲ್ ಅಲ್ಲೇ ಇತ್ತು.

ಆ ನಾಲ್ಕು ಹೆಜ್ಜೆ ನಮ್ಮ ಕಚೇರಿಯ ಯಾವ ಕಡತದಲ್ಲೂ ಇರಲಿಲ್ಲ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಡಾಟಾ ಎಂಟ್ರಿ ಆಪರೇಟರ್. ಇ-ಸ್ವತ್ತಿನಿಂದ ಆಸ್ತಿಯ ನಮೂನೆ 9, 11 ತೆಗೆದುಕೊಡುವುದು, ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ಲೆಕ್ಕ ಏರಿಸುವುದು, ಬಾಪೂಜಿ ಸೇವಾ ಕೇಂದ್ರಕ್ಕೆ ಬಂದ ಅರ್ಜಿ ನೋಡುವುದು ನನ್ನ ದಿನದ ಕೆಲಸ. ಯಾರ ಮನೆ ಎಷ್ಟು ಅಡಿ ಅಗಲ ಎಂದು ನನ್ನ ಕಂಪ್ಯೂಟರ್ ಹೇಳುತ್ತಿತ್ತು. ಆ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಅದರಲ್ಲಿ ಉತ್ತರವಿರಲಿಲ್ಲ. ಅದನ್ನು ಬರೆದಿಡಬೇಕು ಎಂದು ಆ ಐದನೇ ದಿನವೇ ನಿಶ್ಚಯಿಸಿದೆ.

ಯಾವ ತಂತ್ರಾಂಶದಲ್ಲಿ ಬರೆದಿಡುವುದು ಎಂಬುದರಲ್ಲಿ ನನಗೊಂದು ಹಳೆಯ ನೋವಿತ್ತು. ಕೆಲವು ವರ್ಷದ ಹಿಂದೆ ನಳದ ಬಿಲ್ಲಿನ ಲೆಕ್ಕಕ್ಕೆಂದು ಒಂದು ಖಾಸಗಿ ಕಂಪನಿಯ ತಂತ್ರಾಂಶ ಹಾಕಿಸಿದ್ದರು. ಎರಡು ವರ್ಷ ನಾನು ಕೂತು ಹೊಡೆದ ಲೆಕ್ಕ ಅದರಲ್ಲಿತ್ತು. ನವೀಕರಣದ ಹಣ ಕಟ್ಟಲಾಗದೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಫೈಲು ನಮ್ಮ ಕಂಪ್ಯೂಟರ್‌ನಲ್ಲೇ ಇತ್ತು, ಓದುವ ಕೀಲಿ ಅವರ ಹತ್ತಿರ ಉಳಿಯಿತು. ಊರಿನ ಲೆಕ್ಕ ಊರಿಗೇ ಸಿಗದಂತಾಯಿತು. ಹಾಗಾಗಿ ಈ ಸಲ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದದ್ದು) ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದೆ. ಪಿಡಿಓ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮೇಡಂಗೆ ಅನುಮಾನವಿತ್ತು. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ತಂದಿದೆ ಎಂದು ಪ್ರತಿ ತೆಗೆದು ಮುಂದಿಟ್ಟೆ. "ಹಣ ಕೇಳಬ್ಯಾಡ, ಕಚೇರಿ ಕೆಲಸ ನಿಲ್ಲಬಾರದು, ಅಷ್ಟು ಮಾಡು" ಎಂದರು.

ಮೂಲೆಯಲ್ಲಿ ವಿಂಡೋಸ್ 7 ಇದ್ದ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಬೆಂಬಲ ನಿಂತ ಮೇಲೆ ಅದನ್ನು ಯಾರೂ ಹಚ್ಚುತ್ತಿರಲಿಲ್ಲ. ಮೆಮೊರಿ 4 ಜಿಬಿ. ವಿಂಡೋಸ್ ಬದಲಿಗೆ ಬಳಸುವ ಮುಕ್ತ ತಂತ್ರಾಂಶ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರು, ವೈಫೈ ನಡೆಯುತ್ತವೆ ಎಂದು ಖಾತ್ರಿಯಾದ ಮೇಲೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೂರಾ ಹಾಕಿದೆ. ಡಿಜಿಟಲ್ ಸಹಿಯ ಡಾಂಗಲ್ ಕೆಲಸ ನಮ್ಮಲ್ಲಿ ವಿಂಡೋಸ್ ಮೇಲೇ ನಡೆಯುವುದರಿಂದ ಇನ್ನೊಂದು ಕಂಪ್ಯೂಟರ್ ಮುಟ್ಟಲಿಲ್ಲ. ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೋಗಿದ್ದರೆ ಮೊದಲ ವಾರದಲ್ಲೇ ಜನರ ಕೆಲಸ ನಿಲ್ಲುತ್ತಿತ್ತು, ಮೇಡಂ ಎಲ್ಲವನ್ನೂ ತೆಗೆಸುತ್ತಿದ್ದರು.

ನಕ್ಷೆಗಿಂತ ಮೊದಲು ಹೆಸರುಗಳ ಪಟ್ಟಿ ಸರಿಯಾಗಬೇಕಿತ್ತು. ನಮ್ಮ ಅತಿ ಹಳೆಯ ರಿಜಿಸ್ಟರ್ ಮೇಲೆ ರಾಯಚೂರು ಜಿಲ್ಲೆಯ ಸೀಲಿದೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆಮೇಲಿನ ಪಟ್ಟಿಗಳೆಲ್ಲ ಕಂಪ್ಯೂಟರ್‌ನಲ್ಲಿದ್ದವು, ಆದರೆ ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಅಕಾರಾದಿಯಾಗಿ ಜೋಡಿಸು ಎಂದರೆ ಕ್ರಮ ತಪ್ಪುತ್ತಿತ್ತು, ಯಾಕೆಂದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಪರಿವರ್ತಕ ಬಳಸಿ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್‌ಗೆ ತಂದು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯಲ್ಲಿ ಕೂರಿಸಿದೆ. ಹೆಚ್ಚಿನವು ಸರಿಯಾಗಿ ಬಂದವು. ಕೈಕೊಟ್ಟದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಮುಂದಿನ ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ನಮ್ಮ ಕಡೆ ದುರ್ಗಪ್ಪ, ದುರ್ಗವ್ವ ಇಲ್ಲದ ಓಣಿಯೇ ಇಲ್ಲ. ಬೆರಳಚ್ಚಿನಲ್ಲಿ ಒಂದು ಚಿಹ್ನೆ ಹಿಂದೆಮುಂದೆ ಆದ ಕಡೆಯೆಲ್ಲ ಆ ಹೆಸರುಗಳು ಮುರಿದಿದ್ದವು. ಒಂದೊಂದನ್ನೂ ರಿಜಿಸ್ಟರ್ ಜೊತೆ ಹಿಡಿದು ತಿದ್ದಿದೆ. ಹನ್ನೆರಡು ಸಂಜೆ ಹಿಡಿಯಿತು. ಇವತ್ತಿಗೂ ಈ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಿರುವುದು ಆ ಪಟ್ಟಿಯೇ. ಹೆಸರು ಹೊಡೆದರೆ ಸಿಗುತ್ತದೆ ಅಂದರೆ ಮುದುಕರೊಬ್ಬರು ಕಚೇರಿಗೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ನಕ್ಷೆಗೆ ಕ್ಯೂಜಿಐಎಸ್ ಬಳಸಿದೆ. 2002ರಲ್ಲಿ ಅಮೆರಿಕದ ಗ್ಯಾರಿ ಶರ್ಮನ್ ಎಂಬವರು ಶುರು ಮಾಡಿದ ತಂತ್ರಾಂಶ ಅದು, ಈಗ ಹಲವು ದೇಶಗಳ ಜನ ಸೇರಿ ಬೆಳೆಸುತ್ತಿದ್ದಾರೆ. ಹಿನ್ನೆಲೆಗೆ ಜನರೇ ಸೇರಿ ಬರೆಯುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ತೆಗೆದು ನೋಡಿದರೆ ನಮ್ಮೂರಿನಲ್ಲಿ ಮುಖ್ಯ ರಸ್ತೆ ಒಂದೇ ಇತ್ತು. ಉಪಗ್ರಹ ಚಿತ್ರದ ಮೇಲೆ ಓಣಿಗಳನ್ನೂ ಶಾಲೆ, ಅಂಗನವಾಡಿ, ಗುಡಿ, ಮಸೀದಿಗಳನ್ನೂ ನಾನೇ ಎಳೆದು ಕನ್ನಡದಲ್ಲಿ ಹೆಸರು ಬರೆದೆ.

ಇನ್ನು ನೆಲದಡಿಯದು. ಕಾಲು ಕೂಡಿದ ಮೇಲೆ ಕಾಕಾ ಕೋಲು ಹಿಡಿದು ಬಂದರು. ಆದರೆ ಮೊದಲ ದಿನ ಟಾಕಿ ಹತ್ತಿರದ ನಾಲ್ಕು ವಾಲ್ ತೋರಿಸಿ ನಿಂತುಬಿಟ್ಟರು. ಹೊಟ್ಟೆಯಲ್ಲಿದ್ದದ್ದು ಮರುದಿನ ಚಾ ಕುಡಿಯುವಾಗ ಹೊರಬಂತು: "ಇದನ್ನೆಲ್ಲ ನೀ ಬರಕೊಂಡಿ ಅಂದ್ರ, ನಾಳಿ ನನ್ನ ತಗದ್ ಹಾಕ್ತಾರೇನ್ ಯವ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಓಣಿ ಓಣಿ ತಿರುಗಿ ಅವರು ಗಳಿಸಿದ್ದು ಆ ತಿಳಿವಳಿಕೆಯೊಂದೇ. ಅದು ಅವರ ತಲೆಯಲ್ಲಿದ್ದಷ್ಟು ದಿನ ಅವರ ಕೆಲಸಕ್ಕೆ ಭದ್ರತೆ. ಅದನ್ನು ಬಿಚ್ಚಿಕೊಡಿ ಎಂದು ಕೇಳುವಾಗ ನಾವು ಏನು ಕೇಳುತ್ತಿದ್ದೇವೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಸಾಮಾನ್ಯ ಸಭೆಯಲ್ಲೇ ಈ ಮಾತು ತಂದರು: ನಕ್ಷೆಯಿಂದ ಯಾರ ಕೆಲಸವೂ ಹೋಗುವುದಿಲ್ಲ, ಹೊಸ ಹುಡುಗರಿಗೆ ಕಾಕಾನೇ ಕಲಿಸಬೇಕು. ಅದು ನಡಾವಳಿಯಲ್ಲಿ ಬರೆಯಲ್ಪಟ್ಟಿತು. ನಕ್ಷೆಯ ಕೆಳಗೆ 'ಮಾಹಿತಿ ಕೊಟ್ಟವರು' ಎಂದು ಅವರ ಹೆಸರು ದಪ್ಪಕ್ಷರದಲ್ಲಿ ಹಾಕಿದೆ. ಆಮೇಲೆ ಕಾಕಾ ಒಂದು ವಾರದಲ್ಲಿ 37 ವಾಲ್ ತೋರಿಸಿದರು. ಅದರಲ್ಲಿ ಆರು ರಸ್ತೆಯ ಕೆಳಗೆ ಹೂತಿದ್ದವು, ಒಂದು ಒಬ್ಬರ ಕಟ್ಟೆಯೊಳಗೆ ಸೇರಿಕೊಂಡಿತ್ತು.

ಇಲ್ಲಿ ಒಂದು ಮಾತು ಈ ಕೆಲಸ ಮಾಡುವವರಿಗೆ. ಫೋನಿನ ಜಿಪಿಎಸ್ ಬಯಲಲ್ಲಿಯೇ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ಇನ್ನೂ ಹೆಚ್ಚು. ನಕ್ಷೆ ನೋಡಲು ಅದು ಸಾಕು, ಅಗೆಯಲು ಸಾಲದು. ಸಿಮೆಂಟ್ ರಸ್ತೆಯನ್ನು ಐದು ಮೀಟರ್ ಒಡೆಯಲು ಯಾರೂ ಬಿಡುವುದಿಲ್ಲ. ಹಾಗಾಗಿ ಪ್ರತಿ ವಾಲ್‌ಗೂ ಎರಡು ಪಕ್ಕಾ ಗುರುತಿನಿಂದ ಟೇಪು ಹಿಡಿದೆವು: ಗುಡಿ ಕಟ್ಟೆಯ ಮೂಲೆಯಿಂದ 2.9 ಮೀಟರ್, ಕರೆಂಟ್ ಕಂಬದಿಂದ 4.1 ಮೀಟರ್, ಹೀಗೆ. ಎರಡು ಅಳತೆ ಕೂಡುವಲ್ಲಿ ವಾಲ್. ಜೊತೆಗೆ ಒಂದು ಫೋಟೋ. ಮರ, ತಗಡಿನ ಡಬ್ಬಿ ಅಂಗಡಿಯಂಥದ್ದನ್ನು ಗುರುತಾಗಿ ಹಿಡಿಯಲಿಲ್ಲ, ಅವು ನಾಳೆ ಇರುವುದಿಲ್ಲ.

ಮೊದಲು ನಕ್ಷೆಯನ್ನು ಶೇಪ್‌ಫೈಲ್ ಎಂಬ ಫೈಲು ಮಾದರಿಯಲ್ಲಿ ಉಳಿಸಿ ತಪ್ಪು ಮಾಡಿದೆ. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯೂನಿಕೋಡ್ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. 'ವಾಲ್ ಸಂಖ್ಯೆ' ಎಂದು ಬರೆದದ್ದು 'ವಾಲ' ಆಗಿ ಕೂತಿತು. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಮಾದರಿಗೆ ಬದಲಾಯಿಸಿದ ಮೇಲೆ ಈ ತೊಂದರೆ ಹೋಯಿತು. ನಕ್ಷೆಯ ಪದರುಗಳೆಲ್ಲ (ಓಣಿ, ವಾಲ್, ಪೈಪು ಹೀಗೆ ಒಂದೊಂದಕ್ಕೆ ಒಂದು) ಒಂದೇ ಫೈಲಿನಲ್ಲಿ ಇರುವುದರಿಂದ ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯುವುದೂ ಸುಲಭ. ಕ್ಯೂಜಿಐಎಸ್ ಮುಚ್ಚಿದ ಮೇಲೆಯೇ ನಕಲು ಮಾಡಬೇಕು, ತೆರೆದಿರುವಾಗ ಮಾಡಿದರೆ ಕೊನೆಯ ತಿದ್ದುಪಡಿ ಬಿಟ್ಟುಹೋಗಬಹುದು. ಪೈಪಿನ ಉದ್ದ ಮೀಟರಿನಲ್ಲಿ ಸರಿಯಾಗಿ ಬರಲು ನಕ್ಷೆಯ ಅಳತೆ ಪದ್ಧತಿಯಾಗಿ ಯುಟಿಎಂ 43 ಉತ್ತರ ವಲಯ (ಅದರ ಸಂಕೇತ ಇಪಿಎಸ್‌ಜಿ 32643) ಇಟ್ಟುಕೊಂಡೆ. ನಮ್ಮ ಜಿಲ್ಲೆ ಆ ವಲಯದಲ್ಲೇ ಬರುತ್ತದೆ. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ಆಕೃತಿಯಾಗಿ ಉಳಿಸುವ ಆಯ್ಕೆ ಒತ್ತಿದರೆ ಪ್ರಿಂಟಿನ ಅಂಗಡಿಯಲ್ಲಿ ಒತ್ತಕ್ಷರ ಒಡೆಯುವುದಿಲ್ಲ.

ಮನೆಗಳ ನಳದ ಸಮೀಕ್ಷೆಯನ್ನು ಸ್ವಸಹಾಯ ಸಂಘದ ಮೂವರು ಅಕ್ಕಂದಿರು ಮಾಡಿದರು. ಪ್ರಶ್ನೆಗಳನ್ನು ಕ್ಯಾಲ್ಕ್‌ನಲ್ಲೇ ಬರೆದು ಕೋಬೋಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ತಂತ್ರಾಂಶಕ್ಕೆ ಏರಿಸಿದರೆ ಫೋನಿನಲ್ಲಿ ಕನ್ನಡದ ಅರ್ಜಿಯಾಗಿ ತೆರೆಯುತ್ತದೆ. ನೆಟ್‌ವರ್ಕ್ ಇಲ್ಲದ ಓಣಿಯಲ್ಲೂ ತುಂಬಬಹುದು, ಸಂಜೆ ಕಚೇರಿಗೆ ಬಂದು ಕಳಿಸಿದರಾಯಿತು. ನಾನು ಬರೆದ ಪ್ರಶ್ನೆ 'ನೀರು ಸಮರ್ಪಕವಾಗಿ ಬರುತ್ತದೆಯೇ' ಎಂದಿತ್ತು. ಅದನ್ನು ಓದಿದ ಒಬ್ಬಾಕೆ, "ಹಿಂಗ್ ಕೇಳಿದ್ರ ಎಲ್ಲಾರೂ ಇಲ್ಲ ಅಂತಾರ ತಂಗಿ. ಬಕೆಟ್ ಇಟ್ಟು ನೋಡೂಣು" ಎಂದಳು. ಆ ಮಾತು ಇಡೀ ಕೆಲಸದ ದಿಕ್ಕನ್ನೇ ಬದಲಿಸಿತು.

16 ಲೀಟರಿನ ಬಕೆಟ್ಟು, ಫೋನಿನ ಗಡಿಯಾರ. ಟಾಕಿ ಹತ್ತಿರದ ಮೇಲಿನ ಓಣಿಯಲ್ಲಿ ಬಕೆಟ್ ತುಂಬಲು ಒಂದು ನಿಮಿಷ. ಕೆಳಗಿನ ಓಣಿಯ ಕೊನೆಯಲ್ಲಿ ನಾಲ್ಕು ನಿಮಿಷ. ನೀರು ಬಿಡುವುದು ದಿನ ಬಿಟ್ಟು ದಿನ, 40 ನಿಮಿಷ. ಆರು ಜನರ ಮನೆಗೆ ಮೇಲೆ 640 ಲೀಟರ್, ಕೆಳಗೆ 160. ಎರಡು ದಿನಕ್ಕೆ ಹಂಚಿದರೆ ಮೇಲಿನವರಿಗೆ ತಲೆಗೆ 53 ಲೀಟರ್, ಕೆಳಗಿನವರಿಗೆ 13. ಜಲ ಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55. ಒಂದೇ ಊರು, ಒಂದೇ ಟಾಕಿ.

ಈ ಅಂಕಿಗಳನ್ನು ಮನೆಗಳ ಮೇಲೆ ಬಣ್ಣವಾಗಿ ಹಾಕಿದಾಗ ಕಾರಣವೂ ಕಂಡಿತು. ಮೇಲಿನ ಓಣಿಗೆ ಎರಡು ಕಡೆಯಿಂದ ಪೈಪು ಕೂಡುತ್ತದೆ. ಕೆಳಗಿನ ಓಣಿಗೆ ಒಂದೇ ಸಣ್ಣ ಪೈಪು, ಅದೂ ಮಧ್ಯದ ಓಣಿಗಳೆಲ್ಲ ಕುಡಿದು ಉಳಿದದ್ದನ್ನು ತರುತ್ತದೆ. ಅಲ್ಲಿರುವವರು ಹೆಚ್ಚಿನವರು ಕೂಲಿಯವರು, ವರ್ಷದಲ್ಲಿ ಕೆಲವು ತಿಂಗಳು ದುಡಿಯಲು ಊರು ಬಿಟ್ಟು ಹೋಗುವವರು. ಅವರ ದೂರು ಪ್ರತಿ ಗ್ರಾಮಸಭೆಯಲ್ಲೂ ಇರುತ್ತಿತ್ತು, ಪ್ರತಿ ಸಲವೂ "ನೋಡೋಣ" ಎಂಬಲ್ಲಿಗೆ ನಿಲ್ಲುತ್ತಿತ್ತು. ನಾಲ್ಕು ಎ3 ಹಾಳೆ ಅಂಟಿಸಿ ರಟ್ಟಿಗೆ ಹೊಡೆದ ನಕ್ಷೆಯನ್ನು ಗ್ರಾಮಸಭೆಯಲ್ಲಿ ಗೋಡೆಗೆ ತೂಗುಹಾಕಿದ ದಿನ ಬಕೆಟ್ ಹಿಡಿದ ಅಕ್ಕನೇ ಎದ್ದು ನಿಂತು ಓದಿದಳು. ಯಾರೂ ಅಲ್ಲಗಳೆಯಲಿಲ್ಲ, ಯಾಕೆಂದರೆ ಅಳತೆ ಎಲ್ಲರ ಮನೆ ಮುಂದೆಯೇ ಆಗಿತ್ತು. ಟಾಕಿಯಿಂದ ಕೆಳಗಿನ ಓಣಿಗೆ ನೇರ ಪೈಪು ಹಾಕುವುದು ಆ ವರ್ಷದ ಕ್ರಿಯಾ ಯೋಜನೆಗೆ ಸೇರಿತು. ಪೈಪು ಬೀಳುವವರೆಗೆ ಎರಡು ವಾಲ್‌ಗಳ ಸರದಿ ಬದಲಿಸಿ ಕೆಳಗಿನ ಓಣಿಗೆ ಮೊದಲು ನೀರು ಬಿಡುವುದನ್ನು ಕಾಕಾ ಮರುದಿನದಿಂದಲೇ ಶುರು ಮಾಡಿದರು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಬೋರುಗಳಿಗೂ ಒಂದು ಪದರು ಮಾಡಿದ್ದೇನೆ. ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರಿಗೆ ಕೆಂಪು ಚುಕ್ಕೆ, ಪರೀಕ್ಷೆಯಾದ ತಾರೀಖು ಸಹಿತ.

ಎಲ್ಲವನ್ನೂ ಎಲ್ಲರಿಗೂ ತೋರಿಸಲಿಲ್ಲ. ಓಣಿ, ಶಾಲೆ, ಗುಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿವೆ. ವಾಲ್‌ಗಳು ಪಂಚಾಯತಿಯ ಫೈಲಿನಲ್ಲಿ ಮಾತ್ರ. ಯಾರ ನಳದ ಬಾಕಿ ಎಷ್ಟು ಎಂಬುದನ್ನು ನಕ್ಷೆಯ ಮೇಲೆ ಹಾಕಿ ಎಂದು ಸಭೆಯಲ್ಲಿ ಕೆಲವರು ಹಟ ಹಿಡಿದರು, ನಾನು ಹಾಕಲಿಲ್ಲ. ಬಾಕಿ ಕಟ್ಟಲಾರದ ಮನೆಯನ್ನು ಊರಿನ ಗೋಡೆಯ ಮೇಲೆ ಕೆಂಪು ಮಾಡುವುದಕ್ಕೆ ನಾನು ಈ ಕೆಲಸ ಕಲಿತಿಲ್ಲ. ಮೇಡಂ ನನ್ನ ಪರವಾಗಿ ನಿಂತರು.

ಫೈಲಿನ ನಕಲು ಮೂರು ಕಡೆ ಇದೆ: ಕಚೇರಿ ಕಂಪ್ಯೂಟರು, ಬೀರುವಿನಲ್ಲಿ ಪೆನ್‌ಡ್ರೈವ್, ಅರಿವು ಕೇಂದ್ರದ (ಪಂಚಾಯತಿ ಗ್ರಂಥಾಲಯದ) ಕಂಪ್ಯೂಟರು. ಪ್ರತಿ ತಿಂಗಳ ಮೊದಲ ಸೋಮವಾರ ಹೊಸ ನಕಲು. ಕಾಕಾ ಈಗ ಇಬ್ಬರು ಹುಡುಗರಿಗೆ ಕಲಿಸುತ್ತಿದ್ದಾರೆ. ಹೊಸ ನಳ ಕೂಡಿಸಿದ ದಿನವೇ ಟೇಪಿನ ಅಳತೆ ಚೀಟಿಯಲ್ಲಿ ಬರೆದು ನನ್ನ ಮೇಜಿಗೆ ತಂದುಕೊಡಬೇಕು ಎಂಬುದು ಅವರೇ ಹಾಕಿದ ನಿಯಮ.

ಕಳೆದ ದೀಪಾವಳಿ ಮುಂದೆ ಪಕ್ಕದ ಪಂಚಾಯತಿಯ ಆಪರೇಟರ್ ಬಂದು ನಮ್ಮ ಫೈಲು ಕೇಳಿದ. ಮಾಹಿತಿ ಅಳಿಸಿ ಖಾಲಿ ಕಾಲಂ, ಬಣ್ಣ, ಪ್ರಿಂಟಿನ ವಿನ್ಯಾಸ ಇಷ್ಟನ್ನು ಅವನ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಎರಡು ತಿಂಗಳಿಗೆ ಅವನು ತುಂಬಿಸಿ ತೋರಿಸಲು ತಂದಾಗ ಅದರಲ್ಲಿ ನಾನು ಮಾಡದ ಒಂದು ಪದರು ಇತ್ತು: ದನ ನೀರು ಕುಡಿಯುವ ತೊಟ್ಟಿಗಳು. ನಮ್ಮಲ್ಲೂ ಐದು ತೊಟ್ಟಿ ಇವೆ, ಬೇಸಿಗೆಯಲ್ಲಿ ಅವುಗಳ ನೀರಿಗೂ ಜಗಳ ಬೀಳುತ್ತದೆ. ಅವನ ಪದರನ್ನು ನಮ್ಮ ಫೈಲಿಗೆ ಸೇರಿಸಿಕೊಂಡು ಮರುದಿನ ಕಾಕಾನನ್ನು ಕರೆದುಕೊಂಡು ಟೇಪು ಹಿಡಿದು ಹೊರಟೆ.