ಪ್ಯಾಸಿವ್ ವಾಯ್ಸ್ ಪಾಠ ಮತ್ತು ಮಕ್ಕಳ ಕಳ್ಳರ ವಿಡಿಯೊ

ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಓದುವುದು ಕಷ್ಟ, ನಂಬುವುದು ಸುಲಭ. ಕನ್ನಡದ ಫಾರ್ವರ್ಡಿಗೆ ‘ಸುಳ್ಳಿರಬೇಕು’ ಎನ್ನುವವರೂ ‘ಇಂಗ್ಲಿಷಲ್ಲೇ ಹಾಕವ್ರೆ ಮಿಸ್, ನಿಜಾನೇ’ ಎನ್ನುತ್ತಿದ್ದರು. ನಾನೇನೂ ಕಡಿಮೆಯಿಲ್ಲ. ಯುನೆಸ್ಕೊ ‘ಜನ ಗಣ ಮನ’ವನ್ನು ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆಯೆಂದು ಘೋಷಿಸಿದೆ ಎಂಬ ಇಂಗ್ಲಿಷ್ ಸಂದೇಶವನ್ನು ಹಿಂದೊಮ್ಮೆ ಬೆಳಗಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು ಓದಿದ್ದೆ. ಯುನೆಸ್ಕೊ ಅಂಥದ್ದೇನೂ ಘೋಷಿಸಿರಲಿಲ್ಲ.

2018ರಲ್ಲಿ ಎಲ್ಲರ ಮನೆಯ ಫೋನಿನಲ್ಲೂ ಮಕ್ಕಳ ಕಳ್ಳರ ವಿಡಿಯೊ. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬನನ್ನು ಇದೇ ಅನುಮಾನದ ಮೇಲೆ ಜನ ಹೊಡೆದು ಕೊಂದರು. ನನ್ನ ತರಗತಿಯಲ್ಲಿ ಆಗ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ನಡೆಯುತ್ತಿತ್ತು. ರಾಮ ರಾವಣರನ್ನು ಬಿಟ್ಟು, ಹುಡುಗನೊಬ್ಬ ಬರೆದುಕೊಂಡು ಬಂದ ಸಾಲನ್ನೇ ಬೋರ್ಡಿನ ಮೇಲೆ ಹಾಕಿದೆ: ‘ಇಟ್ ಈಸ್ ಸೆಡ್ ದಟ್ ಚಿಲ್ಡ್ರನ್ ವರ್ ಕಿಡ್ನ್ಯಾಪ್ಡ್.’ ಹೇಳಿದ್ದು ಯಾರು? ‘ಬೈ ಹೂಮ್?’ ತರಗತಿಯೇ ಗಪ್‌ಚುಪ್. ಮಾಡಿದವರು ಗೊತ್ತಿಲ್ಲದಿದ್ದರೆ ‘ಬೈ’ ಬಿಡಬಹುದು ಎಂದು ಹಿಂದಿನ ವಾರ ನಾನೇ ಹೇಳಿಕೊಟ್ಟಿದ್ದೆ!

ಮರುದಿನ ಹುಡುಗಿಯೊಬ್ಬಳು ಪತ್ರಿಕೆಯ ತುಣುಕು ತಂದಳು. ‘ಎನ್ನಲಾಗಿದೆ’ಗೆಲ್ಲ ಕೆಂಪು ಗೆರೆ. ‘ಮಿಸ್, ಕನ್ನಡದಲ್ಲೂ ಬೈ ಬಿಟ್ಟವ್ರೆ.’ ಇದನ್ನು ನಾನು ಯೋಚಿಸಿರಲೇ ಇಲ್ಲ.

ಆಮೇಲೆ ವಿಡಿಯೊವನ್ನು ಪೂರ್ತಿ ತೋರಿಸಿದೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದ ಚಿತ್ರ. ಮಗುವನ್ನು ಎತ್ತಿಕೊಂಡು ಹೋದ ಬೈಕಿನವರು ಕೊನೆಯಲ್ಲಿ ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಹರಿದಾಡಿದ ತುಣುಕಿನಲ್ಲಿ ಆ ಕೊನೆಯೇ ಇರಲಿಲ್ಲ. ‘ದಿ ಎಂಡ್ ವಾಸ್ ಕಟ್’ ಎಂದ ಒಬ್ಬ. ‘ಬೈ ಹೂಮ್?’ ಎಂದರು ಉಳಿದವರು, ನಾನು ಬಾಯಿ ತೆರೆಯುವ ಮೊದಲೇ.

ಶಿಕ್ಷಕರ ಜೊತೆ ಇದು ಇಷ್ಟು ಸಲೀಸಾಗಲಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ‘ಮೇಡಂ, ಸಿಲಬಸ್ ಮುಗಿಸೋದು ಯಾವಾಗ?’ ಎಂಬುದೇ ಮೊದಲ ಪ್ರಶ್ನೆ. ನಾನು ಏನನ್ನೂ ವಿವರಿಸದೆ ಯುನೆಸ್ಕೊ ಸಂದೇಶವನ್ನು ಹಂಚಿ, ವ್ಯಾಕರಣದ ತಪ್ಪು ಹುಡುಕಲು ಹೇಳಿದೆ. ಸ್ಪೆಲ್ಲಿಂಗ್ ತಿದ್ದಿದರು, ಆರ್ಟಿಕಲ್ ತಿದ್ದಿದರು, ಸುದ್ದಿಯನ್ನು ಯಾರೂ ಮುಟ್ಟಲಿಲ್ಲ. ನನ್ನ ಮೈಕಿನ ಕತೆ ಹೇಳಿದ ಮೇಲಷ್ಟೇ ಎಲ್ಲರೂ ಸಡಿಲಾದರು. ಹಿರಿಯ ಮೇಷ್ಟ್ರೊಬ್ಬರು ಕೇಳಿದರು: ‘ಹಾಗಾದ್ರೆ ಇಲಾಖೆ ಸುತ್ತೋಲೆಯ “ಸೂಚಿಸಲಾಗಿದೆ”ಗೂ ಬೈ ಹೂಮ್ ಕೇಳಬಹುದಾ ಮೇಡಂ?’

‘ಅದಕ್ಕೆ ಕೆಳಗೆ ಸಹಿ, ಸೀಲು ಇರುತ್ತಲ್ಲ ಸಾರ್’ ಎಂದೆ.